ಹಿಂದಿನ ಎರಡು ಬಾಯಿ

ಇಪ್ಪತ್ತನಾಲ್ಕು ಎಚ್‌ಪಿ. ದ್ರಾಕ್ಷಿ ಸಾಲಿನ ನಡುವ
ಮೈ ಸಣ್ಣ ಮಾಡಿ ನುಸಳೂ ಟ್ರ್ಯಾಕ್ಟರು.
ದ್ರಾಕ್ಷಿಗಂತ ತಂದದ್ದು, ಈಗ ಜ್ವಾಳದ ಹೊಲಾನೂ ಅದಽ ನೋಡತದ.
ಹಿಂದ ಎತ್ತೂದು ಗೊತ್ತು, ಇಳಸೂದು ಗೊತ್ತು,
ಹೊಳ್ಳಸೂದು ಗೊತ್ತಿಲ್ಲ.

ಪಲ್ಟಿ ನೇಗಿಲ ಹೊಳ್ಳಸೂದು ನನ್ನ ಪಾಲಿಂದು.
ಬದುವಿಗಿ ಬರೂದು, ನಿಲ್ಲಸೂದು, ಇಳಿಯೂದು,
ಪಿನ್ನ ಕಿತ್ತು ಹಿಡಿಕಿ ಜಗ್ಗೂದು,
ಕುಡ ಧಡಲ್ ಅಂತ ತಿರಗಿದ ಮ್ಯಾಲ ಮತ್ತ ಏರೂದು.
ಎಕರೆಕ್ಕ ಎಷ್ಟು ಸಲ ಅಂತ ಒಮ್ಮೆ ಎಣಿಸಿದೆ.
ತೊಂಬತ್ತಾರಕ್ಕ ಲೆಕ್ಕ ತಪ್ಪಿತು,
ಬಲಗೈ ರಟ್ಟಿ ಮಾತ್ರ ತಪ್ಪದ ಎಣಿಸಿಕೋತ ಹ್ವಾತು.

ಜತ್ತದ ಶೋರೂಮಿನಾಂವ ಕುರ್ಚಿ ಬಿಟ್ಟು ಏಳದಽ ಅಂದಿದ್ದ:
‘ಹಾತ್ ಲಾವಲಾ ಕೀ ಗ್ಯಾರಂಟಿ ಗೇಲಿ.’
ಗ್ಯಾರಂಟಿ ಹ್ವಾದ್ರ ಹೋಗಲಿ ಸಾಹೇಬ್ರ,
ನನ್ನ ರಟ್ಟಿಗಿ ಯಾರು ಬರದು ಕೊಟ್ಟಾರ?

ಉಮದಿ ನಾಕಾದಾಗ ದಸ್ತಗೀರ ಅತ್ತಾರನ ವೆಲ್ಡಿಂಗ್ ಅಂಗಡಿ.
ಅಜ್ಜ ಊರೂರು ಅತ್ತರು ಮಾರತಿದ್ನಂತ,
ಮೊಮ್ಮಗ ಡೀಸೆಲ್ ನಾರತಾನ.
ಮಿರಜದ ಭಂಗಾರದಾಗಿಂದ ಒಂದು ವಾಲ್ವು ತಂದಿದ್ದ,
ಯಾವ ದೊಡ್ಡ ಯಂತ್ರದ ಹೊಟ್ಟ್ಯಾಗಿಂದೋ ಏನೋ,
ಸೀಮಿ ಎಣ್ಣ್ಯಾಗ ಮೂರು ಸಲ ತೊಳದು
ಬಿಳಿ ಅರಬಿ ಮ್ಯಾಲ ಕೂಸಿನಂಗ ಮಲಗಿಸಿದ.
ಸ್ಪೂಲ ಎಳದು ಬಿಟ್ರ ಉಸರ ಬಿಟ್ಟಂಗ ಸಪ್ಪಳ.

ನಾ ಬ್ಯಾಟ್ರಿ ಹಿಡದೆ, ಓರಿಂಗಿಗಿ ಎಣ್ಣಿ ಸವರಿದೆ.
ಟೇಪ ಸುತ್ತಲಿಕ್ಕ ಹ್ವಾದ್ರ ಕೈ ಬಡದಾ:
‘ಚೂರು ಒಳಗ ಹೊಕ್ತಂದ್ರ ಅದಕ್ಕ ಬಿಕ್ಕಳಿಕಿ ಹತ್ತತದ ಅಕ್ಕಾ,
ನೀರು ಕುಡಿಸಿ ಬಿಡಸಾಕ ಬರಂಗಿಲ್ಲ.’

ಸೀಟಿನ ಬಲಕ್ಕ ಒಂದು ಹಿಡಿಕಿ. ಹಿಂದ ಎರಡು ಬಾಯಿ, ಎರಡು ಪೈಪು.
ಗುರುತಿಗಿ ಇರಲಿ ಅಂತ ಕೆಂಪು ಬಣ್ಣದಾಗ
ಒಂದರ ಮ್ಯಾಲ ಬರದಾ: ಹೋಗು.
ಚಹಾ ತಂದ ಅವನವ್ವ ಮದಾರಬಿ ಬಶಿ ಕೆಳಗಿಟ್ಟು ಬೈದಳು:
‘ಖೋಡಿ, ಹೊಂಟ ನಿಂತದ್ದಕ್ಕ ಬರೇ ಹೋಗು ಅಂತಾರೇನೋ?’
ಒರಸಿದ. ಒಂದಕ್ಕ ‘ಹೋಗಿ’, ಇನ್ನೊಂದಕ್ಕ ‘ಬಾ’.

ಆದ್ರ ಹಿಡಿಕಿ ಮುಂದ ಒತ್ತಿದ್ರ ಇದು ಹೋಗಿ, ಅದು ಬಾ.
ಹಿಂದ ಎಳದ್ರ ಅದು ಹೋಗಿ, ಇದು ಬಾ.
‘ಹಂಗಾರ ಬರದದ್ದು ಸುಳ್ಳಾತಲ್ಲೋ’ ಅಂದೆ.
‘ಅರ್ಧಾ ದಿನ ಖರೇ’ ಅಂದು ಚಹಾ ಸುರಿದ.

ಮೊದಲನೇ ಸಲ ಒತ್ತಿದಾಗ ನೇಗಿಲ ಮಿಸುಕಲಿಲ್ಲ.
ಇಂಜಿನ್ ದನಿ ಕುಸೀತು, ವಾಲ್ವು ಕುಂಯ್ ಅಂತು,
ಹಗಲಿಡೀ ಮಾಡಿದ್ದು ನೀರಾಗ ಹ್ವಾತು ಅಂದಕೊಂಡೆ.
ಪೈಪಿಗಿ ಕೈ ಆಡಸಾಕ ಹ್ವಾದೆ.
ಚೀರಿದ: ‘ಮುಟ್ಟಬ್ಯಾಡ! ಸೋರೂ ಎಣ್ಣಿ ಕಾಣಂಗಿಲ್ಲ,
ಸೂಜಿಹಂಗ ಚರ್ಮದೊಳಗ ಇಳೀತದ.’
ಬೇದಾಣಿ ಡಬ್ಬಿದ ರಟ್ಟು ಹರದು ಪೈಪಿನುದ್ದ ಸರಸಿದ.
ರಟ್ಟು ಒಣಾ. ಸೋರಿಕಿ ಎಲ್ಲೂ ಇಲ್ಲ.
‘ಬಾ’ ಅನ್ನೂ ಬಾಯಿ ಪೂರ್ತಿ ಕೂತಿದ್ದಿಲ್ಲ, ಅಷ್ಟಽ.
ಹೋದದ್ದಕ್ಕ ಬರೂ ದಾರಿ ಇದ್ದಿಲ್ಲ.

ಇಂಜಿನ್ ಬಂದ್ ಮಾಡಿ, ಹಿಡಿಕಿ ಆಕಡಿ ಈಕಡಿ ಆಡಿಸಿ ಒತ್ತಡ ಇಳಿಸಿ
ಅಂಗೈಲೆ ಗುದ್ದಿದ. ಕಟ್ ಅಂತು.
ಮದಾರಬಿ ಒಳಗಿಂದಽ ‘ಆತೇನೋ?’ ಅಂದಳು.
ನಾಕು ಸಲ ಸುಮ್ಮನ ಹೊಳ್ಳಿಸಿ ಗಾಳಿ ಕಳದು
ಒಂದು ಲೀಟರ್ ಎಣ್ಣಿ ಮ್ಯಾಲ ಹಾಕಿದ್ವಿ.

ಮರುದಿನ ಜ್ವಾಳದ ಹೊಲ. ಬದುವಿಗಿ ಬಂದೆ. ಹಿಡಿಕಿ ಎಳದೆ.
ಕುಡ ಮ್ಯಾಲೆದ್ದು, ಬಿಸಲಿಗಿ ಒಮ್ಮೆ ಮಿಂಚಿ,
ಮಗ್ಗಲ ಬದಲಿಸಿದಂಗ ಸಾವಕಾಶ ಮಲಗಿತು.
ಅದು ಮಲಗೂದರಾಗ ನಾ ಇಳದಬಿಟ್ಟಿದ್ದೆ,
ಕೈ ಪಿನ್ನಿನ ಜಾಗಾಕ್ಕ ಹೋಗಿ ಏನೂ ಸಿಗದಽ ನಿಂತಿತ್ತು.

ಇಳದಾಕಿ ಇಳದೇನಲ್ಲಾ ಅಂತ
ಸಾಲಿನಾಗಿನ ಒಂದು ಕಲ್ಲು ಹೆಕ್ಕಿ
ಬದುವಿನ ಆಚಿ ಒಗದೆ.
ಬಲಗೈಲೆ.