ಹಿಟ್ಟು ಮತ್ತು ಹಾರ್ನು

ಬಾಂಬೋಳಿ ಆಸ್ಪತ್ರೆಯ ಲ್ಯಾಬಿನಲ್ಲಿ
ಕಫದ ಡಬ್ಬಿಯ ಮೇಲಿನ ಹೆಸರು ಓದಿ ತಡೆದೆ:
ಯಮನೂರಪ್ಪ ಬಂಡಿವಡ್ಡರ, ನಲವತ್ತೊಂದು,
ಕೆಲಸ ಪೊದೇರನ ಭಟ್ಟಿಯಲ್ಲಿ, ಚಿಂಬೆಲ್.
ನಮ್ಮ ಕಡೆಯವನು.

ಹೊರಗೆ ಬೆಂಚಿನ ಮೇಲಿದ್ದ,
ಕೈ ಮೊಣಕಾಲಿಗೆ ಊರಿ, ಹೆಗಲು ಕಿವಿಗೇರಿಸಿ,
ಹುಬ್ಬಿನಲ್ಲಿ ಇನ್ನೂ ಮೈದಾ.
"ಎದಿಯಾಗ ಬೆಕ್ಕು ಸಾಕೇನ್ರಿ ಅಕ್ಕಾರ" ಅಂದು ನಕ್ಕ.
ನಗು ಅರ್ಧಕ್ಕೇ ಸಿಳ್ಳೆಯಾಯಿತು.
"ಹದಿನಾಕ ವರ್ಷ ಇದ ಹಿಟ್ಟು ಕಲಸೇನಿ,
ಒಮ್ಮೆರ ಸೀನಿದ್ದಿಲ್ಲ.
ಈಗ್ಯಾಕ ಅದಕ್ಕ ನನ ಮ್ಯಾಲ ಸಿಟ್ಟು?"

ಹಿಟ್ಟಿಗೆ ಸಿಟ್ಟಿಲ್ಲ, ಯಮನೂರಪ್ಪ.
ಸಿಟ್ಟು ನಿನ್ನದೇ.
ಹೇಗೆ ಹೇಳಲಿ ಇದನ್ನು.

ಉಸಿರಿನ ಓಣಿಯಲ್ಲಿ ಒಬ್ಬ ಪಹರೆಯವನು,
ಬೇರಿನಂಥ ಬೆರಳು ಚಾಚಿ ಕೂತವನು,
ಎಂದೋ ಒಂದು ರಾತ್ರಿ ಗೋದಿಯ ಚೂರೊಂದನ್ನು ಹಿಡಿದು
ಎದೆಯೊಳಗಿನ ಗಂಟಿಗೆ ಒಯ್ದು ಕೇಳಿದ:
ಯಾರಿವ?
ಉತ್ತರ ತಪ್ಪಾಯಿತು. ಅಷ್ಟೇ ಆದದ್ದು.
ತಪ್ಪು ಉತ್ತರಕ್ಕೆ ನಕಲುಗಾರರು ಬೇಗ ಸಿಗುತ್ತಾರೆ.
ಹುಳುಗಳಿಗೆಂದು ಇಟ್ಟಿದ್ದಂತೆ ಆ ಹಳೆಯ ಆಯುಧ,
ಕವಲೊಡೆದ ಪುಟ್ಟ ಕೊಕ್ಕೆ;
ಅದನ್ನೇ ಗೋದಿಯ ಅಳತೆಗೆ ಎರಕ ಹೊಯ್ದರು.
ಕೊಕ್ಕೆಗಳು ಹೋಗಿ
ಮದ್ದಿನ ಚೀಲ ಹೊತ್ತ ಕೋಶಗಳ ಮೈಮೇಲೆ ನಿಂತು
ಕಾದವು.
ನೀನು ಉಂಡೊ ತಟ್ಟುತ್ತಿದ್ದೆ.

ಆಮೇಲೊಂದು ಬೆಳಗಿನ ಜಾವ ಖಾಲಿ ಚೀಲ ಝಾಡಿಸಿದೆ.
ಎರಡು ಕೊಕ್ಕೆಗೆ ಒಂದೇ ಕಣ ಸಿಕ್ಕಿ
ಮದ್ದು ಚೆಲ್ಲಿತು.
ನಳಿಗೆ ಸುತ್ತಿದ ಸ್ನಾಯು ಬಿಗಿಯಿತು,
ಗೋಡೆ ಊದಿತು, ಲೋಳೆ ಒಸರಿತು,
ಒಳಗೆ ಹೋದ ಗಾಳಿಗೆ ಹೊರಬರಲು ಬಾಗಿಲಿಲ್ಲ.
ಅದು ಮೊದಲ ಪಾಳಿ.

ಎರಡನೇ ಪಾಳಿಯವರು ಮಧ್ಯಾಹ್ನ ಬರುತ್ತಾರೆ,
ಎಲುಬಿನ ಮಜ್ಜೆಗೆ ಹೇಳಿಕಳಿಸಿ ಕರೆಸಿಕೊಂಡವರು,
ನೀನು ಮನೆಯಲ್ಲಿ ಮಗ್ಗುಲಾದ ಹೊತ್ತಿಗೆ.
ಅವರನ್ನೇ ನಾನೀಗ ನೋಡುತ್ತಿರುವುದು
ಗಾಜಿನ ಮೇಲೆ, ಬಣ್ಣ ಹಾಕಿ, ತೊಳೆದು, ಆರಿಸಿ:
ಮೈತುಂಬ ಕೆಂಪು ಕಾಳು,
ಸೀಳಿದ ದಾಳಿಂಬೆ.
ನೂರಕ್ಕೆ ಹದಿನೆಂಟು. ಮೂರು ದಾಟಬಾರದು.
ನಡುನಡುವೆ ಸೂಜಿಯಂಥ ಹರಳು, ಸತ್ತವರು ಬಿಟ್ಟುಹೋದದ್ದು.
ಚಂದ ಇವೆ. ರೋಗಿಗೆ ಹೇಳುವ ಮಾತಲ್ಲ.

ಶಾಲೆಯಲ್ಲಿ ನನ್ನನ್ನು ಘಾಂಟಿ ಅನ್ನುತ್ತಿದ್ದರು,
ಘಟ್ಟ ಇಳಿದು ಬಂದವರ ಮಗಳು.
ನಾನು ಗಂಟೆ ಅಂದುಕೊಂಡು
ಎರಡನೇ ಇಯತ್ತೆಯವರೆಗೂ ಖುಷಿಯಾಗಿದ್ದೆ.
ಎಣಿಸುತ್ತ ಎಣಿಸುತ್ತ ಅದು ಯಾಕೆ ನೆನಪಾಯಿತೋ,
ಲೆಕ್ಕ ತಪ್ಪಿ ಮೊದಲಿಂದ ಶುರುಮಾಡಿದೆ.
ಹೋಲಿಕೆ ಪೂರ್ತಿ ಕೂಡುವುದಿಲ್ಲ;
ಕೋಶಕ್ಕೆ ಹಗೆ ಗೊತ್ತಿಲ್ಲ,
ಗುರುತು ಮಾತ್ರ ಗೊತ್ತು.

ಡಾಕ್ಟರು ಪಂಪ್ ಬರೆದುಕೊಟ್ಟರು:
ದಿನಕ್ಕೆ ಎರಡು ಹೊತ್ತು, ಎಳೆದಾದ ಮೇಲೆ ಬಾಯಿ ಮುಕ್ಕಳಿಸು,
ಭಟ್ಟಿ ಬಿಡು.
ಕೊನೆಯದಕ್ಕೆ ಅವನು ನನ್ನ ಕಡೆ ನೋಡಿದ,
ನಾನು ಡಬ್ಬಿಯ ಕಡೆ.

ಮುಂದಿನ ಸಲದ ಗಾಜಿನಲ್ಲಿ ಐದು.

ಇನಾಸ್ ಪೊದೇರ ಅವನಿಗೆ ಸೈಕಲ್ ಕೊಟ್ಟಿದ್ದಾನೆ.
ಐದೂವರೆಗೆ ನಮ್ಮ ಓಣಿ,
ಹಿಂದೆ ಬುಟ್ಟಿ, ನೀಲಿ ತಾಡಪತ್ರಿ,
ಹ್ಯಾಂಡಲಿಗೆ ರಬ್ಬರ್ ಬುರುಡೆಯ ಹಾರ್ನು.
ಹಿಂಡುತ್ತಾನೆ: ಪೊಂಯ್.
ಕಿರಿದಾದ ಕೊಳವೆಯಿಂದ ಗಾಳಿ ತೂರುವ ಸದ್ದು.
ಬುರುಡೆ ಮತ್ತೆ ತುಂಬಲು ಒಂದು ಗಳಿಗೆ ಬೇಕು,
ಹಾಸಿಗೆಯಲ್ಲೇ ಅದನ್ನು ಎಣಿಸುತ್ತೇನೆ.
ಪೊಂಯ್.
ಸರಿ, ತುಂಬಿತು.

"ನಾಕ ಪೊಯ್ ಏನ್ರಿ?"
ಮೇಲಿನ ತೌಡು ಉದುರೀತೆಂದು
ಮುಖ ಆಚೆ ತಿರುಗಿಸಿ ರೊಟ್ಟಿ ನೀಡುತ್ತಾನೆ,
ನೈವೇದ್ಯಕ್ಕೆ ತನ್ನ ಉಸಿರು ತಾಗಬಾರದೆಂದು
ಬಾಯಿ ಮುಚ್ಚಿಕೊಂಡ ಪೂಜಾರಿಯ ಹಾಗೆ.
ಬಿಸಿಯಿದೆ ಇನ್ನೂ.