ಸಲಾಲ

ಅಜ್ಮಾನಿನ ನುಐಮಿಯಾ, ಮೂರನೆಯ ಮಹಡಿ.
ಬೆಲ್ ಒತ್ತಿದರೆ ಒಳಗೆ ಟೀವಿ ಮೂಕಾಗುತ್ತದೆ.
ಬಾಗಿಲ ಹೊರಗೆ ಒಂದು ಜೋಡಿ ಚಪ್ಪಲಿ,
ಸುಳ್ಳು ಹೇಳಲು ಕಲಿಯದ ಬಡಪಾಯಿಗಳು.

"ಕೊಂಚಾಡಿ ಸಾಹೇಬರು ಸಲಾಲಕ್ಕೆ ಹೋದರು"
ಅಂದ ವಾಚ್‌ಮನ್ ಗುಲ್‌ಜಮಾನ್.
ಹೋದ ವಾರವೂ ಸಲಾಲ. ಅದರ ಹಿಂದಿನ ವಾರವೂ.
ಅವರ ಕಾರು ಕೆಳಗೇ ಇದೆ, ಮೈತುಂಬ ಧೂಳು ಹೊದ್ದು,
ಗಾಜಿನ ಮೇಲೆ ಯಾರೋ ಬೆರಳಲ್ಲಿ ಬರೆದ ಬೈಗುಳ.

ನಾನು ಕೋರ್ಟಲ್ಲ, ಪೊಲೀಸಲ್ಲ.
ಪತ್ತೇದಾರ ಎಂದು ಊರಲ್ಲಿ ಹೆಂಡತಿ ಹೇಳಿಕೊಂಡಿದ್ದಾಳೆ;
ನಿಜಕ್ಕೆ, ಕಾಯುವವ.
ಒಣ ಖುಬ್ಜ್ ಮುರಿದುಕೊಂಡು, ಉಚ್ಚೆ ಕಟ್ಟಿಕೊಂಡು
ನಲವತ್ತೊಂದು ದಿನ.
ಲಕೋಟೆಯೊಳಗೆ
ಫರ್ಝಾನಾ ಹೊಲಿದ ತೊಂಬತ್ತು ಅಬಾಯಾಗಳ ಕೂಲಿ
ಅರಬ್ಬಿಯಲ್ಲಿ ಮಲಗಿದೆ, ಬಲದಿಂದ ಎಡಕ್ಕೆ.

ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ.
ಕುತ್ತಿಗೆಯವರೆಗೆ ಬಿಳಿ ಬಟ್ಟೆ, ಅರ್ಧ ಮುಖಕ್ಕೆ ನೊರೆ,
ಗಂಟಲ ಬಳಿ ಕತ್ತಿ. ಓಡುವುದಾದರೂ ಎಲ್ಲಿಗೆ?
"ಪದ್ಮನಾಭ ಕೊಂಚಾಡಿ ಅಲ್ಲವೇ?"
ಕನ್ನಡಿಯಲ್ಲೇ ನನ್ನನ್ನು ಅಳೆದು
ಮೆಲ್ಲಗೆ ಕೇಳಿದರು:
"ಊರು ಯಾವುದು ಮಾರಾಯ?"

ಎಲ್ಲ ಪ್ರಶ್ನೆಗೂ ಉತ್ತರ ಕಲಿತು ಬಂದಿದ್ದೆ,
ಇದೊಂದನ್ನು ಬಿಟ್ಟು.
ಪೆನ್ನೂ ತಂದಿರಲಿಲ್ಲ.
ಅವರೇ ಬಟ್ಟೆಯಡಿಯಿಂದ ಕೈ ತೂರಿಸಿ,
ತಮ್ಮದೇ ಪೆನ್ನು ತೆಗೆದು, ಸಹಿ ಹಾಕಿದರು
ಮದುವೆಯ ಮುಯ್ಯಿ ಬರೆಸುವವರ ಹಾಗೆ, ನಿಧಾನವಾಗಿ.
ಹೆಸರಿನ ಮೇಲೆ ಒಂದು ಹನಿ ನೊರೆ ಬಿತ್ತು.
ಪೆನ್ನು ನನ್ನ ಜೇಬಿಗೇ ಬಂದದ್ದು
ಬೀದಿಗಿಳಿದ ಮೇಲೆ ಗೊತ್ತಾಯಿತು.

ತಿರುಗಿ ಹೋಗಿ ಕೊಡೋಣವೆಂದರೆ
ಫೋನು ಅದುರುತ್ತಿದೆ. ಬ್ಯಾಂಕಿನವನು,
ಇವತ್ತಿಗೆ ಐದನೆಯ ಸಲ.

ನಾನೂ ಸಲಾಲಕ್ಕೆ ಹೋಗಿದ್ದೇನೆ.