ಎಳೆ ಅದ ಏನು?

ಸೊಲ್ಲಾಪುರದ ಅಕ್ಕಲಕೋಟ ರೋಡಿನ ಎಂಐಡಿಸಿಯೊಳಗ
ನಮ್ಮದು ಹನ್ನೆರಡು ಮಗ್ಗದ ಸಣ್ಣ ಕಾರ್ಖಾನಿ.
ಟವೆಲ್ಲು, ನ್ಯಾಪ್ಕಿನ್ನು, ಹಂಗಾಮಿನಾಗ ಒಂದಿಷ್ಟು ಬಾತ್‌ರೋಬು.
ಲೆಕ್ಕ, ಬಿಲ್ಲು, ಮೇಲು, ಮೂರೂ ನನ್ನ ಪಾಲಿನವು.
ಮ್ಹೇತ್ರೆ ಸಾಹೇಬರಿಗೆ ಇಂಗ್ಲಿಷು ಓದಾಕ ಬರತದ,
ಬರೆಯೂದಕ್ಕ ನಾನು ಬೇಕು.

ಆ ಸೋಮವಾರ ಒಂದೂ ಮೇಲ್ ಬರಲಿಲ್ಲ.
ಮಂಗಳವಾರನೂ ಇಲ್ಲ.
‘ಮಾರ್ಕೆಟ್ ಮಂದಿ ಅದ’ ಅಂದ್ರು ಸಾಹೇಬರು
ಚಹಾದಾಗ ಖಾರಿ ಅದ್ದಿಕೋತ.
ನಾನೂ ಹೂಂ ಅಂದೆ.
ಸುಮ್ಮನಿರೂದರಾಗ ಎರಡು ಜಾತಿ ಅದಾವ ಅಂತ
ಆಗ ನನಗೆಲ್ಲಿ ಗೊತ್ತಿತ್ತು.

ಬುಧವಾರ ಸಂಜಿ ಆರೂವರಿಗೆ
ಎಂಬತ್ತೊಂದು ಮೇಲು ಒಮ್ಮೆಲೆ ಬಿದ್ದವು,
ಹರಿದ ಚೀಲದಿಂದ ಬಾಬಿನ್ ಉರುಳಿದಂಗ.
ನಡುವ ಆಂಟ್ವರ್ಪಿನ ಮೇಡಂದು ಮೂರು.
ಸೋಮವಾರ: ನಾಲ್ಕು ಸಾವಿರ, ನೀಲಿ ಅಂಚು, ರೇಟ್ ಹೇಳ್ರಿ.
ಮಂಗಳವಾರ: ನೋಡಿದ್ರೇನು?
ಬುಧವಾರ: ಇರಲಿ ಬಿಡ್ರಿ, ಪಾನಿಪತ್ತಿನವರು ಹೇಳ್ಯಾರ.

ಮೇಲ್ ಕಂಪನಿಗೆ ಫೋನ್ ಹಚ್ಚಿದೆ.
ಹುಡುಗ ಒಂಬತ್ತು ಅಂಕಿಯ ಟಿಕೆಟ್ ನಂಬರ್ ಕೊಟ್ಟ,
‘ವರ್ಷಕ್ಕ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಪರ್ಸೆಂಟ್
ಚಾಲೂ ಇರತದ ಮೇಡಂ’ ಅಂದ.
ಫೋನ್ ಇಟ್ಟು ಕ್ಯಾಲ್ಕ್ಯುಲೇಟರ್ ತಗೊಂಡೆ.
ಬಂದ್ ಬೀಳಾಕ ವರ್ಷಕ್ಕ ಎಂಟೂಮುಕ್ಕಾಲು ತಾಸು.
ನಮಗ ಮೂರು ದಿನ.
ಎಂಟು ವರ್ಷದ ಪಾಲು ಒಂದ ಊಟಕ್ಕ ತಿಂದು
ಬಾಯಿ ಒರಸಿಕೊಂಡು ಕುಂತದ ಯಾವುದೋ ಊರಿನ ಮಷಿನ್.

ಏಳನೇ ಮಗ್ಗದ ಚಿಟ್ಯಾಲ ನರಸಯ್ಯ ಎಲ್ಲಾ ಕೇಳಿಸಿಕೊಂಡ.
ಏನೂ ಅನ್ನಲಿಲ್ಲ. ಹಾಸಿನೊಳಗ ಕೈ ಹಾಕಿ
ಒಂದ ಎಳೆ ಪಟ್ಟಂತ ಹರಿದ.
ಸಣ್ಣ ತಗಡಿನ ಪಿನ್ ಬಿತ್ತು. ಮಗ್ಗ ನಿಂತಿತು.
ಎರಡು ಬೆರಳಿನಾಗ ಗಂಟು ಹಾಕಿದ, ಮತ್ತ ಚಾಲೂ.
‘ನಿಮ್ಮ ಮೇಲಿಗೆ ಪಿನ್ ಇಲ್ಲೇನಕ್ಕ?’

ಇರಲಿಲ್ಲ.
ಹರಿದ ಮ್ಯಾಲೂ ನೇಯ್ಕೋತ ಹೊಂಟಿತ್ತು ಅದು,
ಬರೀ ಗಾಳಿಯ ಟವೆಲ್ಲು, ಮೂರು ದಿನ, ಸಪ್ಪಳಿಲ್ಲದ.

ಅವತ್ತ ರಾತ್ರಿ ಅಂಜಿಕಿ ಬಂದು ಡಿಸ್ಕ್ ತೆಗೆದು ನೋಡಿದೆ.
ಪ್ರತಿ ಶನಿವಾರ ಹಸಿರು ಟಿಕ್ ಬರತಿತ್ತು, ಬ್ಯಾಕಪ್ ಆತು ಅಂತ.
ಫೋಲ್ಡರ್ ಎಲ್ಲಾ ಅದಾವ, ಹೆಸರು ಸುದ್ಧಾ:
ಬೇಳೆ ಅಂಚು, ಗೆಜ್ಜಿ ಅಂಚು, ಸಾದಾ ನೀಲಿ.
ಒಳಗ ಸೊನ್ನಿ.
ಎರಡು ವರ್ಷ ಖಾಲಿ ಡಬ್ಬಿ ಎಣಿಸಿ
ಲೆಕ್ಕ ಸರಿ ಅದ ಅಂತ ನಿದ್ದಿ ಮಾಡಿದ್ದೆ ನಾನು.

ಹಂಗಂತ ಕಾಗದ ಛಲೋ ಅನ್ನಬ್ಯಾಡ್ರಿ.
ಸಾಹೇಬರ ಅಜ್ಜನ ಕೆಂಪು ಬಹಿ ನೋಡೀನಿ,
ಸಾಲಗಾರರ ಹೆಸರೆಲ್ಲಾ ಗೆದ್ದಲು ಮಾಫ್ ಮಾಡ್ಯಾವ.

ಈಗ ಡಿಸ್ಕ್ ಎರಡು. ಒಂದು ಆಫೀಸಿನಾಗ,
ಇನ್ನೊಂದು ನನ್ನ ಮನಿಯ ಜೋಳದ ಡಬ್ಬಿ ಹಿಂದ.
ಅಮಾಸಿ ದಿನ ಮಗ್ಗಕ್ಕ ಕಾಯಿ ಒಡದ ಮ್ಯಾಲ
ಯಾವುದರೆ ಒಂದು ಡಿಸೈನ್ ವಾಪಸ್ ತೆಗೀತೀನಿ,
ಪ್ರಿಂಟ್ ಹೊಡದು ಟವೆಲ್ಲಿನ ಅಂಚಿಗೆ ಹಿಡದು ನೋಡತೀನಿ.
ಕೂಡಿದ್ರ ಪ್ರಸಾದ ತಿಂತೀನಿ.

ಮತ್ತ ದಿನಾ ಎರಡು ಸಲ, ಒಂಬತ್ತಕ್ಕ, ಮಧ್ಯಾಹ್ನ ಎರಡಕ್ಕ,
ನನ್ನ ಫೋನಿಂದ ಆಫೀಸಿಗೆ ಒಂದು ಮೇಲ್:
ಎಳೆ ಅದ ಏನು?
ಆಫೀಸಿಂದ ನಾನೇ ಬರೀತೀನಿ: ಅದ.
ಸಾಹೇಬರು ನಗತಾರ, ‘ಬಾಯಿಗೆ ಹುಚ್ಚು ಹಿಡದದ’ ಅಂತ.

ಹೋದ ಗುರುವಾರ ಎರಡರ ಮೇಲ್ ಬರಲಿಲ್ಲ.
ಒಂದು ನಿಮಿಷ. ಮೂರು. ಆರು.
ತಡೀಲಾರದ ಆಂಟ್ವರ್ಪಿಗೆ ಫೋನ್ ಹಚ್ಚಿಬಿಟ್ಟೆ.
ಹಚ್ಚಿದ ಗಳಿಗಿಗೇ ಕಂಪ್ಯೂಟರಿನಾಗ ಟಣ್ ಅಂತು,
ನನ್ನದೇ ಮಾತು, ನನಗೇ.
ಅತ್ತಾಗ ಮೇಡಂ ಎತ್ತಿಬಿಟ್ಟಿದ್ರು.
ಬರೆಯಾಕ ಬರೋ ಇಂಗ್ಲಿಷು ಬಾಯಿಗೆ ಬರಲಿಲ್ಲ.
‘ಏನಿಲ್ಲ ಮೇಡಂ,
ನೀವು ಏನರೆ ಕಳಿಸಿ, ನಾವು ಸುಮ್ಮನದೀವೇನೋ ಅಂತ…’

ಅತ್ತ ಕಡೆ ಒಂದು ಗಳಿಗಿ ಮಾತಿಲ್ಲ.
ಇದು ಯಾವ ಜಾತಿಯ ಸುಮ್ಮನಿರೂದು ಅಂತ
ಹನ್ನೆರಡು ಮಗ್ಗದ ಸಪ್ಪಳದಾಗ ನಿಂತು
ಕಿವಿಗೊಟ್ಟೆ, ಒಂದು ಪಿನ್ನಿಗೆ.